ಕೌದಿಯೊಳಗಿನ ಮಿಣಜಿ

ಒದ್ದೆ ಕೌದಿಗೆ ಒಂದು ವಾಸನೆ ಇರುತ್ತದೆ. ಹಳೆಯ ಸೀರೆ, ಸೋಪಿನ ಪುಡಿ, ಹೊದ್ದು ಮಲಗಿದವರ ತಲೆಯೆಣ್ಣೆ, ಎಲ್ಲ ಕೂಡಿದ ವಾಸನೆ. ದಸರೆಗೆ ಮುಂಚೆ ಮಸ್ಕಿಯ ಹಳ್ಳದ ದಂಡೆಯಲ್ಲಿ ನಮ್ಮ ಓಣಿಯ ಕೌದಿಗಳೆಲ್ಲ ಬಂಡೆಗಳ ಮೇಲೆ ಒಣಗಲು ಬಿದ್ದಿರುತ್ತವಲ್ಲ, ಆಗ ಅದು ಊರ ತನಕ ಬರುತ್ತದೆ. ಮೊನ್ನೆ ನಾನೂ ನೆರೆಮನೆಯ ಹುಸೇನಬಿಯೂ ಹೋಗಿದ್ದೆವು. ಎಪ್ಪತ್ತರ ಇಬ್ಬರು ಮುದುಕಿಯರು ನೀರು ಕುಡಿದ ಕೌದಿಯನ್ನು ಹಿಂಡುವುದೆಂದರೆ, ಎದ್ದೇಳಲು ಮನಸ್ಸಿಲ್ಲದ ಎಮ್ಮೆಯನ್ನು ಎಬ್ಬಿಸಿದ ಹಾಗೆ.

"ಎಳಿಬೇ ಹುಲಿಗೆವ್ವ. ಮುಂಜಾನೆ ಉಂಡಿಲ್ಲೇನು?" ಎಂದಳು ಹುಸೇನಬಿ.

"ನೀ ನಾಕು ರೊಟ್ಟಿ ಉಂಡೀಯಲ್ಲ, ನೀ ಎಳಿ."

ಸಿಟ್ಟಿಗೆ ನಾನೇ ಜೋರಾಗಿ ಎಳೆದೆ. ಪರ್ ಎಂದು ಸದ್ದಾಯಿತು. ಒಂದು ಮೂಲೆಯಲ್ಲಿ ಗೇಣುದ್ದ ಹರಿದಿತ್ತು. ಹುಸೇನಬಿ ಕೈಬಿಟ್ಟು "ಯಾ ಅಲ್ಲಾ, ಇದು ಆ ಕೌದಿ ಅಲ್ಲೇನು?" ಎಂದಳು. ಹೌದು, ಅದೇ ಕೌದಿ. ಹರಿದ ಬಾಯಿಯೊಳಗೆ ಹಸಿರು ದಾರದ ಸಣ್ಣ ಸಣ್ಣ ಹೊಲಿಗೆಗಳು ಕಂಡವು. ಅವು ಅಕ್ಷರಗಳು. ಅವುಗಳನ್ನು ಓದಬಲ್ಲವಳು ಈ ಭೂಮಿಯ ಮೇಲೆ ಈಗ ನಾನೊಬ್ಬಳೇ. ಅದು ಹೇಗಾಯಿತೆಂದು ಹೇಳಬೇಕಾದರೆ ಏಳು ವರ್ಷದ ಹಿಂದಿನ ಮಳೆಗಾಲದಿಂದ ಹಿಡಿಯಬೇಕು.

ನನ್ನ ಮಗಳು ಸುಜಾತಾ ಗೊರೇಬಾಳದ ಶಾಲೆಯಲ್ಲಿ ಟೀಚರಾಗಿದ್ದಳು. ಅಳಿಯ ಆನಂದ ಸಿಂಧನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಸಿಂಧನೂರಿನಲ್ಲೇ. ದಿನಾ ಮುಂಜಾನೆ ಸುಜಾತಾ ಮಗಳು ಗೌತಮಿಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕಾಲುವೆ ದಂಡೆ ಹಿಡಿದು ಅದೇ ಶಾಲೆಗೆ ಹೋಗುತ್ತಿದ್ದಳು, ಸಂಜೆ ಅದೇ ದಾರಿಯಲ್ಲಿ ಬರುತ್ತಿದ್ದಳು. ಆ ವರ್ಷ ಕಾಲುವೆಗೆ ನೀರು ಬಿಟ್ಟು ಗದ್ದೆಗಳಲ್ಲಿ ನಾಟಿ ನಡೆದಿದ್ದಾಗ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೊರಡುವಾಗ ಮಗಳ ಗಲ್ಲ ಹಿಂಡಿ "ಆರಾಮಾಗಿ ಬರ್ತೀನಿ" ಎಂದಳಂತೆ. ಬರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಬೆರಳು ಒಪ್ಪುವುದಿಲ್ಲ. ಹೇಗೂ ಫೋನಿನ ಮೇಲೆ ಅದೊಂದೇ ಬೆರಳಿನಿಂದ ಒತ್ತಿ ಬರೆಯುವವಳು ನಾನು, ಅದರ ಮಾತು ಕೇಳಬೇಕು.

ಹತ್ತು ವರ್ಷದ ಗೌತಮಿಯನ್ನು ಮಸ್ಕಿಗೆ ಕರೆದುಕೊಂಡು ಬಂದೆ. ಆನಂದ ಒಂದು ಟ್ರಂಕನ್ನೂ ತಂದು ಇಳಿಸಿದ. "ಅತ್ತಿ, ಅಕಿ ಸೀರಿ ಅದಾವ. ಮನ್ಯಾಗಿದ್ರ ನನಗ ನೋಡಾಕ ಆಗವಲ್ದು. ನೀವ ಇಟ್ಕೋರಿ," ಎಂದು ಮುಖ ತಿರುಗಿಸಿಕೊಂಡು ಬೈಕು ಹತ್ತಿದ.

ಹುಡುಗಿ ಅಳಲಿಲ್ಲ. ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲ. ಆದರೆ ಮೂಕಿಯೂ ಆಗಿರಲಿಲ್ಲ. ಏನೋ ಬೇರೆಯದೇ ಮಾತಾಡುತ್ತಿದ್ದಳು. ಉರ್ದು ಅಲ್ಲ, ತೆಲುಗು ಅಲ್ಲ. ಕೈಚಾಚಿ "ಓಸು" ಎನ್ನುತ್ತಿದ್ದಳು. ಅವಳ ಕಣ್ಣು ತುಂಬಿದ ಕೊಡದ ಕಡೆ ಇದ್ದುದರಿಂದ ನೀರು ಎಂದು ತಿಳಿಯಿತು. ಇಲ್ಲಿಯ ಶಾಲೆಗೆ ಹಾಕಿದರೆ, ಹಾಜರಿ ಕೂಗಿದಾಗ "ಲೂನ" ಎಂದಳಂತೆ. ಮಕ್ಕಳು ನಕ್ಕರು. ಓಣಿಯವರು ಗಾಳಿ ಸೋಕಿದೆ ಎಂದರು.

ಭಾನುವಾರ ಬಂದ ಆನಂದನನ್ನು ಕೇಳಿದೆ. ಅವನು ತಲೆ ತಗ್ಗಿಸಿದ.

"ಅವ್ವ-ಮಗಳು ಸ್ಕೂಟಿ ಮ್ಯಾಲ ಹೋಗ್ತಾ ಬರ್ತಾ ಕಟ್ಟಿಕೊಂಡಿದ್ದ ಮಾತು ಅದು, ಅತ್ತಿ. ಮಿಣಜಿ ಅಂತ ಒಂದು ನಾಡಂತ. ಅಲ್ಲಿ ಮಂದಿ ಮೊಣಕಾಲೆತ್ತರ ಇರ್ತಾರಂತ. ನಾನು ಉದ್ದ ಅದೀನಂತ ನನ್ನ ಒಳಗ ಬಿಟ್ಕೊಂಡಿಲ್ಲ."

"ನಾ ಗಿಡ್ಡ ಅದೀನಿ. ನನ್ನ ಬಿಟ್ಕೋತಾರ ಬಿಡು," ಎಂದೆ.

ಅವನಿಗೆ ನಗು ಬರಲಿಲ್ಲ. ಲಿಂಗಸುಗೂರಿನ ಡಾಕ್ಟರಿಗೆ ತೋರಿಸಿದ. ಕಾಲ ಕೊಡಿ, ಒತ್ತಾಯ ಮಾಡಬೇಡಿ ಎಂದರು. "ಜೂನ್ ತನಕ ನೋಡ್ತೀನಿ ಅತ್ತಿ. ಆಮ್ಯಾಲ ಲಿಂಗಸುಗೂರಾಗ ಹಾಸ್ಟೆಲ್ ಶಾಲಿಗೆ ಹಾಕ್ತೀನಿ. ಹುಡುಗರ ಸಂಗಾಟ ಬಿದ್ರ ಬಾಯಿ ಬಿಡ್ತಾಳ," ಎಂದ.

ಒತ್ತಾಯ ಮಾಡಬಾರದು ಎಂದರಲ್ಲ, ನಾನು ಮಾಡಲಿಲ್ಲ. ಕುಚೋದ್ಯ ಮಾಡಿದೆ. ರೊಟ್ಟಿ ಬಡಿಯುತ್ತಾ "ಟಪಾಂಗಿ ಬೇಕೇನವ್ವ, ಬಿಸಿ ಟಪಾಂಗಿ?" ಎಂದೆ. ಹುಬ್ಬು ಗಂಟಿಕ್ಕಿದಳು. ಮರುದಿನ ಅದೇ ರೊಟ್ಟಿಗೆ "ಗುಡುಮುಕ್ಕಿ" ಎಂದೆ. ಮೂರನೆಯ ದಿನ "ಬುರಬುರಿ" ಎಂದೆ. ಅವಳು ಎದ್ದು ನಿಂತು ನೆಲಕ್ಕೆ ಕಾಲು ಬಡಿದು ಕೂಗಿದಳು: "ಇಪೂರ! ಇಪೂರ!"

"ಹಂಗನ್ನು ಮತ್ತ. ತಗೋ ಇಪೂರ."

ತಪ್ಪು ಕೇಳಿಸಿಕೊಂಡು ಸುಮ್ಮನಿರಲು ಟೀಚರ ಮಗಳಿಗೆ ಆಗುತ್ತದೆಯೇ? ಅವತ್ತಿನಿಂದ ನನಗೆ ಪಾಠ ಶುರುವಾಯಿತು. ನಾನು ಬೇಕೆಂದೇ ತಪ್ಪು ಮಾತಾಡುವುದು, ಅವಳು ತಿದ್ದುವುದು. ಜೋಳ ತೆನೆಗೆ ಬರುವ ಹೊತ್ತಿಗೆ ಒಲೆ, ಬೆಕ್ಕು, ಚಳಿ, ಹೊಟ್ಟೆನೋವು ಎಲ್ಲಕ್ಕೂ ನನಗೆ ಮಿಣಜಿ ಮಾತು ಬರುತ್ತಿತ್ತು. ಆ ಮಾತಿನಲ್ಲಿ ಬೈಗುಳವೇ ಇರಲಿಲ್ಲ. ಅವ್ವ ಟೀಚರಲ್ಲವೇ, ಇಟ್ಟಿರಲಿಲ್ಲ. "ಬೈಗುಳ ಇಲ್ಲದ ನಾಡಿನಾಗ ಮಂದಿ ಹೆಂಗಬೇ ಬದುಕ್ತಾರ?" ಎಂದು ನಾನೇ ಎರಡು ಮಾಡಿಕೊಟ್ಟೆ. ಮೊದಲನೆಯದನ್ನು ಹುಸೇನಬಿಯ ಹುಂಜದ ಮೇಲೆ ಪ್ರಯೋಗಿಸಿದಾಗ ಗೌತಮಿ ಬಾಯಿಗೆ ಕೈಯಿಟ್ಟುಕೊಂಡಳು. ಕೈಯ ಹಿಂದೆ ನಗುತ್ತಿದ್ದಳು. ಮೂರು ತಿಂಗಳ ನಂತರದ ಮೊದಲ ನಗು.

ಅಲ್ಲಿ "ಹೋಗಿ ಬರ್ತೀನಿ" ಎನ್ನಲು ಮಾತಿಲ್ಲ. ಅಗಲುವಾಗ "ಎಲಾಸು" ಎನ್ನಬೇಕು. ಹಾಗೆಂದರೇನೆಂದು ಕೇಳಿದೆ. ನಾನು ರವಿಕೆಗೆ ಗುಂಡಿ ಹಚ್ಚುತ್ತಿದ್ದೆ. ಅವಳು ನನ್ನ ದಾರದ ತುದಿ ಹಿಡಿದು, ಗಂಟು ಹಾಕುವ ಹಾಗೆ ಬೆರಳು ತಿರುಗಿಸಿ, ಬೇಡ ಎಂದು ತಲೆಯಾಡಿಸಿದಳು. ಗಂಟು ಹಾಕಬೇಡ, ಹೊಲಿಗೆ ಇನ್ನೂ ಮುಗಿದಿಲ್ಲ ಎಂದು.

ಒಂದು ದಿನ ಗುಡ್ಡದ ಬಂಡೆಯ ಮೇಲಿನ ಶಾಸನ ತೋರಿಸಲು ಕರೆದುಕೊಂಡು ಹೋದೆ. ನಮ್ಮ ಮನೆಗೆ ಬಂದವರನ್ನೆಲ್ಲ ಕರೆದೊಯ್ದು ಬುದ್ಧನ ಹೆಸರಿರುವ ಕಲ್ಲು ಎಂದು ತೋರಿಸುವುದು ನನ್ನ ಗಂಡ ಇದ್ದಾಗಿನಿಂದ ವಾಡಿಕೆ. ಕಂಬಿಯಾಚೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಕಲ್ಲಿನ ಮೇಲೆ ಬರೆದದ್ದು ನಡೆಯುವುದಿಲ್ಲ, ಮಿಣಜಿಯಲ್ಲಿ ಬರೆದದ್ದು ನಡೆಯುತ್ತದೆ ಎಂದಳು ಅವಳ ಮಾತಿನಲ್ಲಿ.

"ಹೌದಾ? ನೀವು ಎಲ್ಲಿ ಬರೀತೀರಿ ಹಂಗಾದ್ರ?"

ನನ್ನ ಕಾಲಿನ ಕಡೆ, ಸೀರೆಯ ಅಂಚಿನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ಅವತ್ತು ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಬಿಸಿಲು ಏರಿತ್ತು, ಕಾಲು ಸುಡುತ್ತಿದ್ದವು. ನಡಿ ಮನೆಗೆ ಎಂದೆ.

ದೀಪಾವಳಿ ಕಳೆದು ಚಳಿ ಬಿತ್ತು. ಸತ್ತವರ ಸೀರೆಯನ್ನು ನಮ್ಮಲ್ಲಿ ಎಸೆಯುವುದಿಲ್ಲ, ಕೌದಿ ಹೊಲಿದು ಮಕ್ಕಳಿಗೆ ಹೊದಿಸುತ್ತೇವೆ. ತಾಯಿಯ ಮೈ ಮುಟ್ಟಿದ ಬಟ್ಟೆ ಮಗುವಿನ ಮೈ ಕಾಯಲಿ ಎಂದು. ಗೌತಮಿಗೆ ಗೊತ್ತಾಗದ ಹಾಗೆ ಹೊಲಿದು ಸಂಕ್ರಾಂತಿಗೆ ಕೊಡಬೇಕೆಂದು, ಅವಳು ಶಾಲೆಗೆ ಹೋದ ಮೇಲೆ ಟ್ರಂಕಿನಿಂದ ಸೀರೆಗಳನ್ನು ತೆಗೆದು ಹುಸೇನಬಿಯ ಪಡಸಾಲೆಗೆ ಒಯ್ದೆ.

ಕೌದಿ ಹೊಲಿಯುವವರು ಮೊದಲು ಮಾಡುವ ಕೆಲಸ ಫಾಲ್ ಬಿಚ್ಚುವುದು. ಸೀರೆ ಕಾಲಿಗೆ ಸಿಕ್ಕಿ ಸವೆಯದಿರಲಿ ಎಂದು ಅಂಚಿಗೆ ಒಳಗಡೆಯಿಂದ ಹಚ್ಚಿದ ಪಟ್ಟಿ ಅದು. ಮೇಲೆ ಹಾಕಿದರೆ ಚಂದ ಕಾಣುವುದಿಲ್ಲ. ಎರಡು ಪದರದ ನಡುವೆ ಹಾಸಿದರೆ ಕೌದಿಗೆ ತೂಕ ಬರುತ್ತದೆ. ಸುಜಾತಾ ತನ್ನ ಕಾಟನ್ ಸೀರೆಗಳಿಗೆ ತಾನೇ ಫಾಲ್ ಹಚ್ಚಿಕೊಳ್ಳುತ್ತಿದ್ದಳು. ಬಿಚ್ಚಿದರೆ ಪ್ರತಿಯೊಂದರ ಒಳಮೈಯಲ್ಲಿ ಬಣ್ಣಬಣ್ಣದ ದಾರದ ಹೊಲಿಗೆ. ಒಂದು ಉದ್ದ, ಎರಡು ಗಿಡ್ಡ, ನಡುವೆ ಒಂದು ಓರೆ.

"ನೋಡಬೇ ನಿನ್ನ ಮಗಳ ಹೊಲಿಗಿ. ಇರಿವಿ ಸಾಲು ದಾರಿ ತಪ್ಪಿದಂಗ ಐತಿ," ಎಂದು ಹುಸೇನಬಿ ನಕ್ಕಳು.

ನಾನೂ ನಕ್ಕೆ. "ಮಂದಿ ಮಕ್ಕಳಿಗೆ ಪಾಠ ಹೇಳಿದ್ಲು, ತಾ ಮಾತ್ರ ಸೂಜಿ ಹಿಡಿಯಾಕ ಕಲೀಲಿಲ್ಲ."

ಈ ಮಾತನ್ನು ನಾನು ಆಡಿದ್ದೇನೆ. ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಹಾಗೆಂದು ನಕ್ಕು, ಫಾಲುಗಳನ್ನೆಲ್ಲ ಒಳಗೆ ಹಾಸಿ, ಮೇಲೆ ಕೆಳಗೆ ಸೀರೆಯ ತುಂಡು ಕೂಡಿಸಿ, ದಪ್ಪ ದಾರದಿಂದ ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿದೆವು. ಎರಡು ತಿಂಗಳು ಹಿಡಿಯಿತು. ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡುವುದು ನಮ್ಮ ಪದ್ಧತಿ. ಹೊದ್ದವರು ಹಸಿದು ಮಲಗಬಾರದು ಅಂತ. ಅದನ್ನೂ ಇಟ್ಟೆ.

ಸಂಕ್ರಾಂತಿಯ ಮುಂಜಾನೆ ಅಂಗಳದಲ್ಲಿ ಕೌದಿ ಹಾಸಿ ಅವಳನ್ನು ಕರೆದೆ. ಬಂದಳು. ತುಂಡು ತುಂಡು ಗುರುತು ಹಿಡಿದಳು. ಬೂದು ಬಣ್ಣದ್ದು, ಹಳದಿ ಹೂವಿನದು, ಗಣರಾಜ್ಯೋತ್ಸವಕ್ಕೆ ಉಡುತ್ತಿದ್ದ ಬಿಳಿಯದು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಅವಳು ಅಂಚು ತಿರುವಿ ನೋಡಿದಳು. ನಾಲ್ಕೂ ಕಡೆ ತಿರುವಿದಳು. ಒಳಗೆ ಓಡಿ ಹೋಗಿ ಟ್ರಂಕು ತೆರೆದ ಸದ್ದು ಕೇಳಿತು. ಹೊರಗೆ ಬಂದು ಕನ್ನಡದಲ್ಲಿ ಕೇಳಿದಳು.

"ಆಯಿ, ಫಾಲ್ ಎಲ್ಲಿ?"

ಅಷ್ಟು ತಿಂಗಳ ನಂತರ ಕನ್ನಡ. ನನಗೆ ಹಿಗ್ಗಾಯಿತು. "ಒಳಗ ಅದಾವ ನನ್ನವ್ವ," ಎಂದೆ ನಗುತ್ತಾ.

"ಅವ್ವ ಬರದಾಳ ಅದರಾಗ! ನಾನೂ ಬರದೀನಿ. ದಿನಾ ಒಂದು ಸಾಲು. ಅವ್ವ ನಡದ್ರ ಮಿಣಜಿ ಮಂದಿ ಓದ್ತಿದ್ರು. ಬಿಚ್ಚು! ಆಯಿ, ಬಿಚ್ಚು ಅದನ್ನ!"

ಕಾಲಿನ ಕಡೆ ನೋಡಿದ್ದು, ಬಾಯಿ ಮುಚ್ಚಿಕೊಂಡದ್ದು, ಎಲ್ಲ ಆಗ ತಿಳಿಯಿತು. ಮೊಣಕಾಲೆತ್ತರದ ಜನಕ್ಕೆ ಸೀರೆಯ ಅಂಚೇ ಪುಸ್ತಕ. ನನ್ನ ಮಗಳು ಗೊರೇಬಾಳದ ಶಾಲೆಯಲ್ಲಿ ಓಡಾಡಿದಾಗೆಲ್ಲ ಆ ನಾಡು ಅವಳ ಕಾಲ ಸುತ್ತ ಓಡಾಡಿತ್ತು. ನಾನು ಅದರ ಮೇಲೆ ಎರಡು ತಿಂಗಳು ಸೂಜಿ ಆಡಿಸಿದ್ದೆ.

ಕತ್ತರಿ ತಂದೆ. ಒಂದು ಅಂಚಿನ ಹೊಲಿಗೆ ಕತ್ತರಿಸಿ, ನಮ್ಮ ದಪ್ಪ ದಾರವನ್ನು ಎಳೆದೆ. ದಾರ ಬಂತು, ಅದರ ಜೊತೆ ಕೆಂಪು ನೂಲೂ ಬಂತು. ನಮ್ಮ ಹೊಲಿಗೆ ಆ ಅಕ್ಷರಗಳ ನಡುವೆ ಹಾದು ಹೋಗಿತ್ತು. ಇದನ್ನು ಎಳೆದರೆ ಅದು ಬಿಚ್ಚುತ್ತದೆ. ಗೌತಮಿ ಆ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಅಕ್ಷರವಿದ್ದ ಕಡೆ ಬರೀ ಸೂಜಿ ತೂತುಗಳು. ನನ್ನ ಬೆರಳಿನಲ್ಲಿ ಸುರುಳಿಯಾಗಿ ಕುಳಿತ ಕೆಂಪು ನೂಲು.

"ನಿಧಾನ ಬಿಚ್ಚತೀನಿ ಪುಟ್ಟಿ. ಒಂದೊಂದ ಹೊಲಿಗಿ ಕತ್ತರಿಸಿ..."

"ಬ್ಯಾಡ."

ಆ ಪಟ್ಟಿಯನ್ನು ತಾನೇ ಕೌದಿಯೊಳಗೆ ತಳ್ಳಿದಳು. ಆಮೇಲೆ "ಹೊಲಿ ಆಯಿ. ಒಳಗರ ಇರ್ಲಿ," ಎಂದಳು. ನಾನು ಹೊಲಿದೆ. ಬಾಯಿ ಮುಚ್ಚುವ ಮೊದಲು ಅವಳೇ ಒಳಗೆ ಹೋಗಿ ಸಜ್ಜೆ ರೊಟ್ಟಿಯ ಒಂದು ಚೂರು ತಂದು ಇಟ್ಟಳು. ನನ್ನ ಕಡೆ ನೋಡಲಿಲ್ಲ.

ಎಂಟು ದಿನ ಮಾತಿಲ್ಲ. ಒಂಬತ್ತನೆಯ ದಿನ ಹಳೇ ಲಂಗದ ಪಟ್ಟಿ ಹರಿದು, ಸೂಜಿ-ದಾರ ಸಮೇತ ನನ್ನ ಮುಂದೆ ಇಟ್ಟಳು. "ನೀ ಅಕ್ಷರ ಕಲೀಬೇಕು. ಇದು ಶಿಕ್ಷಾ."

ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವಳು ನಾನು. ಕನ್ನಡದ ಅ ಬಾರದವಳಿಗೆ ಇಲ್ಲದ ನಾಡಿನ ಅಕ್ಷರ ಮೊದಲು ಬಂತು. ತಪ್ಪಿದರೆ ಕೈಗೆ ಸ್ಕೇಲಿನ ಪೆಟ್ಟು, ಅದೂ ಮೆಲ್ಲಗೆ. ನಾನು ಬರೆದ ಮೊದಲ ಸಾಲು "ಹುಸೇನಬಿ ಗೊರಕಿ ಹೊಡೀತಾಳ." ಗೊರಕೆಗೆ ಮಾತಿರಲಿಲ್ಲ, ಇಬ್ಬರೂ ಕೂಡಿ ಮಾಡಿದೆವು. ದಾರದ ಬಣ್ಣಕ್ಕೂ ಅರ್ಥವಿತ್ತು. ಸಂತೋಷದ ಮಾತು ಹಸಿರಿನಲ್ಲಿ, ಸಿಟ್ಟಿನದು ಕೆಂಪಿನಲ್ಲಿ. ಸುಳ್ಳು ಹೇಳಲೇಬೇಕಾದರೆ ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಬರೆಯಬೇಕು. ಓದುವವರಿಗೆ ಕಾಣಬಾರದು, ಬರೆದವರಿಗೆ ಮಾತ್ರ ಗೊತ್ತಿರಬೇಕು.

ಬಿಳಿ ದಾರದ ಪಾಠ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು. "ಆರಾಮಾಗಿ ಬರ್ತೀನಿ ಅಂದ್ಲಲ್ಲ ಅವ್ವ. ಅದು ಬಿಳಿ ದಾರದಾಗ ಹೇಳಿದ್ಲು ಆಯಿ." ಅವತ್ತು ಅತ್ತಳು. ಮಳೆಗಾಲದಿಂದ ತಡೆದದ್ದೆಲ್ಲ ಅತ್ತಳು. ನಾನು ಸೆರಗು ಕೊಟ್ಟೆ, ಮೂಗನ್ನೂ ಒರೆಸಿಕೊಂಡಳು.

ಆಮೇಲೆ ಕನ್ನಡ ತಾನಾಗಿಯೇ ಬಂತು. ಶಾಲೆಯಲ್ಲಿ ಹಾಜರಿಗೆ "ಎಸ್ ಮಿಸ್" ಎಂದಳು. ಆನಂದ ನನ್ನ ಕಾಲು ಮುಟ್ಟಲು ಬಂದ. "ನನ್ನಿಂದಲ್ಲಪ್ಪ, ನನ್ನ ತಪ್ಪಿನಿಂದ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಜೂನ್‌ನಲ್ಲಿ ಲಿಂಗಸುಗೂರಿಗೆ ಕರೆದೊಯ್ದ. ಬಸ್ಸಿನ ಕಿಟಕಿಯಿಂದ ಅವಳು "ಎಲಾಸು ಆಯಿ!" ಎಂದು ಕೂಗಿದಾಗ ಪಕ್ಕದಲ್ಲಿದ್ದವರು ಇದ್ಯಾವ ಊರಿನ ಮಾತು ಎಂದು ಕೇಳಿದರು. ಕೌದಿಯನ್ನು ಒಯ್ಯಲಿಲ್ಲ. ಹಾಸ್ಟೆಲಿನಲ್ಲಿ ಕಳೆದು ಹೋದೀತು, ನೀ ಜೋಪಾನ ಮಾಡು ಎಂದಳು.

ಮೊದಲ ವರ್ಷ ಜಡೆಯ ರಿಬ್ಬನ್ನಿನ ಮೇಲೆ ಹೊಲಿದ ಪತ್ರಗಳು ಆನಂದನ ಕೈಯಲ್ಲಿ ಬರುತ್ತಿದ್ದವು. ಊಟ ಚೆನ್ನಾಗಿಲ್ಲ, ಗೆಳತಿ ಸಿಕ್ಕಿದ್ದಾಳೆ, ಹಲ್ಲು ನೋವು. ನಾನೂ ರಿಬ್ಬನ್ ಕಳಿಸುತ್ತಿದ್ದೆ. ಮರುವರ್ಷ ಎರಡು ಬಂದವು. ಅದರ ಮರುವರ್ಷ ಹಾಸ್ಟೆಲಿನಲ್ಲಿ ಫೋನು ಬಂತು, ರಿಬ್ಬನ್ ನಿಂತವು. ಮಕ್ಕಳು ಬೆಳೆಯಬೇಕಲ್ಲ. ಬೆಳೆಯಲಿ ಎಂದೇ ಕಳಿಸಿದ್ದು.

ಈಗ ಅವಳು ಅಲ್ಲೇ ಪಿಯುಸಿ ಓದುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ಬಂದಾಗ ನನಗೆ ಈ ಫೋನು ಕೊಟ್ಟು ಕನ್ನಡ ಅಕ್ಷರ ಕಲಿಸಿದಳು. ಅದೇ ಟೀಚರು, ಈಗ ಸ್ಕೇಲಿಲ್ಲ. ಒಂದು ಮಧ್ಯಾಹ್ನ ತಟ್ಟೆ ಇಡುತ್ತಾ "ಇಪೂರ ಎಷ್ಟು ಹಾಕ್ಲಿ?" ಎಂದೆ.

"ಏನಂದಿ ಆಯಿ?"

ನಿಜವಾಗಿಯೂ ಗೊತ್ತಿಲ್ಲದ ಮುಖ. ಮರೆತಿದ್ದಾಳೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

"ಏನಿಲ್ಲವ್ವ, ಕೆಮ್ಮು ಬಂತು," ಎಂದೆ. ಬಿಳಿ ದಾರದಲ್ಲಿ ಹೇಳಿದೆ.

ಮೊನ್ನೆ ಹಳ್ಳದ ದಂಡೆಯಲ್ಲಿ ಆ ಹರಿದ ಮೂಲೆ ಒಣಗುವ ತನಕ ನಾನು ಪಕ್ಕದಲ್ಲೇ ಕುಳಿತಿದ್ದೆ. ಮೇಲಿನ ಬಟ್ಟೆ ಸವೆದು ಬಾಯಿ ಬಿಟ್ಟಿತ್ತು, ನಮ್ಮ ದಪ್ಪ ಹೊಲಿಗೆಯ ಎರಡು ಸಾಲಿನ ನಡುವೆ ಫಾಲಿನ ಪಟ್ಟಿ ಮೇಲ್ಮುಖವಾಗಿತ್ತು. ಕಣ್ಣಿಗೆ ಮಂಜು, ಆದ್ದರಿಂದ ಬೆರಳಾಡಿಸಿ ಓದಿದೆ. ಒಮ್ಮೆ ಓದಿ, ಸರಿಯೋ ತಪ್ಪೋ ಎಂದು ಮತ್ತೊಮ್ಮೆ ಓದಿದೆ. ಸಂಜೆ ಮನೆಗೆ ಬಂದು ಲಿಂಗಸುಗೂರಿಗೆ ಫೋನು ಮಾಡಿದೆ.

"ಕೌದಿ ಹರೀತು ಗೌತಮಿ."

ಅವಳು "ಯಾ ಕೌದಿ?" ಎಂದು ಕೇಳಲಿಲ್ಲ. "ಕಾಣಸ್ತೈತೇನು?" ಎಂದಳು.

"ಗೇಣುದ್ದ ಕಾಣಸ್ತೈತಿ. ಹಸಿರು ದಾರ. ನಿಮ್ಮವ್ವನ ಕೈ ಅದು. ನಿನ್ನ ಕೈಯಾಗಿದ್ರ ಸೊಟ್ಟ ಇರ್ತಿತ್ತು."

"ಫೋಟೋ ಕಳಿಸು ಆಯಿ."

ಹುಸೇನಬಿ ಕೌದಿ ಹಿಡಿದಳು, ನಾನು ಫೋಟೋ ತೆಗೆದು ಕಳಿಸಿದೆ. ಮೊದಲನೆಯದರಲ್ಲಿ ನನ್ನ ಬೆರಳೇ ಬಂತು. ಎರಡನೆಯದು ಸರಿ ಬಂತು. ಸ್ವಲ್ಪ ಹೊತ್ತಾದ ಮೇಲೆ ಅವಳದೇ ಫೋನು ಬಂತು.

"ಆಯಿ, ನನಗ ಓದಾಕ ಬರವಲ್ದು. ಒಂದ ಅಕ್ಷರನೂ ಬರವಲ್ದು ಆಯಿ. ಅವ್ವಂದು ಐತಿ, ನನಗ ಓದಾಕ ಬರವಲ್ದು."

"ನನಗ ಬರತೈತಿ. ನಾ ಓದ್ತೀನಿ, ನೀ ಕೇಳು."

ಓದಿದೆ. ಮೊದಲು ಮಿಣಜಿಯಲ್ಲಿ, ನಿಧಾನವಾಗಿ, ನನ್ನ ಮಗಳು ಹೇಗೆ ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ, ಮೊಮ್ಮಗಳು ಕಲಿಸಿದ ಹಾಗೆ. ಆಮೇಲೆ ಕನ್ನಡದಲ್ಲಿ.

"ಇವತ್ತು ಗೌತಮಿ ತಾನ ಜಡಿ ಹಾಕ್ಕೊಂಡಾಳ. ಸೊಟ್ಟ ಆಗೈತಿ. ನಾ ತಿದ್ದಲಿಲ್ಲ. ಸ್ಕೂಟಿ ಕನ್ನಡ್ಯಾಗ ನೋಡಿದ್ನಿ..."

"ಮುಂದ?"

"ಮುಂದ ಹೊಲಿಗಿ ಒಳಗ ಹೋಗೈತಿ."

ಕನ್ನಡಿಯಲ್ಲಿ ಏನು ನೋಡಿದಳೋ ನನಗೂ ತಿಳಿಯಬೇಕೆನಿಸಿತ್ತು. ಕತ್ತರಿ ಗೂಡಿನಲ್ಲೇ ಇತ್ತು.

"ಬಿಚ್ಚಬ್ಯಾಡ ಆಯಿ."

"ಇಲ್ಲವ್ವ."

"ಹೊಲೀನೂಬ್ಯಾಡ. ದಸರಾ ಸೂಟಿಗೆ ಬರ್ತೀನಿ. ನಾ ಕೈ ಆಡಿಸಿ ನೋಡ್ತೀನಿ, ಆಮ್ಯಾಲ ಹೊಲೀವಂತಿ." ಮೂಗು ಎಳೆದುಕೊಂಡಳು. "ಆಯಿ, ಹೋಗುವಾಗ ಏನೋ ಅಂತಿದ್ವಿ. ಅದೇನದು?"

ಹೇಳಿದೆ. ಅವಳು ಎರಡು ಸಲ ಅಂದು ನೋಡಿದಳು, ಹೊಸ ಮಾತು ಕಲಿಯುವವರ ಹಾಗೆ. ಫೋನು ಇಟ್ಟ ಮೇಲೆ ಹುಸೇನಬಿ ಕಣ್ಣೊರೆಸಿಕೊಂಡು "ಏನು ಹೇಳಿದ್ಲಬೇ?" ಎಂದು ಕೇಳಿದಳು. ನೀ ಗೊರಕಿ ಹೊಡೀತೀಯಂತ ಎಂದೆ.

ದಸರೆಯ ರಜೆಗೆ ಇನ್ನೂ ಎಂಟು ದಿನವಿದೆ. ಕೌದಿಯನ್ನು ಮಡಚಿ ಹಾಸಿಗೆಯ ಮೇಲಿಟ್ಟಿದ್ದೇನೆ, ಹರಿದ ಬಾಯಿ ಮೇಲೆ ಬರುವ ಹಾಗೆ. ರೊಟ್ಟಿಯ ಒಂದು ಚೂರು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಸೂಜಿಗೆ ಹಸಿರು ದಾರ ಪೋಣಿಸಿಟ್ಟಿದ್ದೇನೆ. ತುದಿಗೆ ಗಂಟು ಹಾಕಿಲ್ಲ.